ಮದ್ದು ತೇಯುವ ಕಲ್ಲು

ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಆ ಕಾಲಕ್ಕೆ ಹುಟ್ಟಿ ಕದಿರಮ್ಮನ ಮಡಿಲಲ್ಲಿ ಮಲಗದ ಮಗು ಯಾವುದಾದರೂ ಇದ್ದರೆ ಅದು ದೊರೆಗಳ ಬಂಗಲೆಯದ್ದೇ ಆಗಿರಬೇಕು. ತಗಡಿನ ಸೂರು, ಬಿದಿರು ತಟ್ಟಿಯ ಗೋಡೆ, ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಮನೆಗಳು. ಬೆಳಿಗ್ಗೆ ಗಣಿಯ ಸೈರನ್ನು, ಅವರ ಬಾಯಲ್ಲಿ ಸಂಗು, ಕೂಗಿತೆಂದರೆ ಗಂಡಸರು ಗಣಿಗಿಳಿಯುವ ಶಾಫ್ಟಿನ ಕಡೆ ನಡೆಯುತ್ತಿದ್ದರು, ಹೆಂಗಸರು ಬಂಗಲೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸಕ್ಕೆ ಹೊರಡುತ್ತಿದ್ದರು. ಹಾಲು ಕುಡಿಯುವ ಕೂಸುಗಳನ್ನು ಏನು ಮಾಡುವುದು? ಕದಿರಮ್ಮನ ಚಾಪೆಯ ಮೇಲೆ ಮಲಗಿಸಿ ಹೋಗುವುದು. ಕೂಸುಗಳು ಅಲ್ಲಿ ಸಾಲಾಗಿ, ಒಂದು ಕುಂಯ್ ಎನ್ನದೆ, ತಾಯಂದಿರು ತಿರುಗಿ ಬರುವವರೆಗೂ ನಿದ್ದೆ ಮಾಡುತ್ತಿದ್ದವು.

ಅವು ಅಷ್ಟು ತಣ್ಣಗೆ ಮಲಗುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬಜೆ, ಜಾಯಿಕಾಯಿ, ಅಳಲೆಕಾಯಿಗಳ ಜೊತೆಗೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚೂರು ಅಫೀಮನ್ನೂ ಕಲ್ಲಿನ ಮೇಲೆ ತೇಯ್ದು ಕದಿರಮ್ಮ ಕೂಸುಗಳ ನಾಲಿಗೆಗೆ ಹಚ್ಚುತ್ತಿದ್ದಳು. ಅಫೀಮೆಂದು ಅದನ್ನು ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ತೆಲುಗಿನವರ ಬಾಯಿಂದ ಬಂದ ಹೆಸರು ನಲ್ಲಮಂದು, ಕರಿ ಮದ್ದು. ಈಗ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಎನ್ನಲಿ, ಎನ್ನಬೇಕಾದ್ದೇ. ಆದರೆ ಅವಳೊಬ್ಬಳನ್ನೇ ಬೈಯಲು ನನಗೆ ಮನಸ್ಸಿಲ್ಲ. ಕೂಸು ಅತ್ತರೆ ಕೆಲಸ ಕಳೆದುಕೊಳ್ಳುವ ತಾಯಿ, ತಾನೂ ಹಾಗೇ ಬೆಳೆದವಳು, ಕಣ್ಣು ಮುಚ್ಚಿಕೊಂಡು ಮಗುವನ್ನು ಕೊಟ್ಟು ಹೋಗುತ್ತಿದ್ದಳು.

ಕದಿರಮ್ಮ ಬೂದಿಕೋಟೆ ಮಗ್ಗುಲಿನ ಹಳ್ಳಿಯವಳು. ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಮುನಿಸ್ವಾಮಪ್ಪನನ್ನು ಮದುವೆಯಾಗಿ ಲೈನಿಗೆ ಬಂದವಳು. ಮದ್ದು ತೇಯುವ ಕಲ್ಲು ಅವಳ ಅತ್ತೆ ಪೆದ್ದಮ್ಮನದು. ಅಂಗೈಯಗಲದ ಬೂದು ಕಲ್ಲು, ತೇಯ್ದು ತೇಯ್ದು ನಡುವೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ಅತ್ತೆ ಸಾಯುವಾಗ ಸೊಸೆಗೆ ಬಿಟ್ಟುಹೋದದ್ದು ಅದೊಂದೇ. ಕದಿರಮ್ಮ ಅದಕ್ಕೆ ಹಬ್ಬದ ದಿನ ಅರಿಶಿನ ಹಚ್ಚಿ ದೇವರ ಪಕ್ಕದಲ್ಲಿ ಇಡುತ್ತಿದ್ದಳು.

ಮುನಿಸ್ವಾಮಪ್ಪನ ಎದೆಗೆ ಬಂಡೆಯ ಧೂಳು ಕಟ್ಟಿತು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕೂರುವ ಗಂಡನಿಗೆ ಬೇರೆ ಯಾವ ಔಷಧಿಯೂ ತಾಗದೆ, ನಲ್ಲಮಂದು ಮಾತ್ರ ಒಂದಿಷ್ಟು ನೆಮ್ಮದಿ ಕೊಡುತ್ತಿತ್ತು. ಆಂಡರ್ಸನ್‌ಪೇಟೆಯಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ಅಂಗಡಿಯೇ ಇತ್ತು. ಅವಳು ತರುತ್ತಿದ್ದಳು, ತೇಯ್ದು ಕುಡಿಸುತ್ತಿದ್ದಳು. ಬೆರಳಿಗೆ ಅಂಟಿದ್ದನ್ನು ತೊಳೆದುಬಿಡಲು ಮನಸ್ಸಾಗದೆ ನೆಕ್ಕುತ್ತಿದ್ದಳು. ಅವಳ ಚಟ ಶುರುವಾದದ್ದು ಹಾಗೆ, ಒಂದು ಬೆರಳಿನಿಂದ. ಗಂಡ ಸತ್ತ ಮೇಲೆ ಮನೆಯ ಗೋಡೆಗಳೇ ಮೈಮೇಲೆ ಬೀಳುವಂತಾದಾಗ ಬೆರಳು ಸಾಲದಾಗಿ ಗುಳಿಗೆಯಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು. ಅದು ಒಳಗೆ ಹೋದರೆ ದುಃಖ ಪಕ್ಕದ ಮನೆಯವರದೇನೋ ಎನ್ನುವಷ್ಟು ದೂರ ಸರಿಯುತ್ತಿತ್ತು.

ಹಾಗಿರುವಾಗ ಒಂದು ದಿನ ಪಕ್ಕದ ಮನೆಯ ಮಾರಿಯಮ್ಮನ ಮಗು ಏಳಲಿಲ್ಲ. ತಾಯಿ ಬಂದು ಎತ್ತಿದರೆ ಕತ್ತು ಜೋತುಬಿತ್ತು, ತುಟಿ ನೀಲಿಗಟ್ಟಿತ್ತು. ಅವತ್ತು ಕದಿರಮ್ಮನಿಗೇ ಮಂಪರು. ಅದೇ ಕೂಸಿಗೆ ಎರಡು ಸಲ ಹಚ್ಚಿದ್ದಳೋ ಏನೋ, ಅವಳಿಗೆ ನೆನಪಿರಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಮಗು ಉಳಿಯಿತು. ಮಾರಿಯಮ್ಮ ಜಗಳವಾಡಲಿಲ್ಲ, ಕೂದಲು ಹಿಡಿಯಲಿಲ್ಲ. ಮಾರನೆಯ ದಿನದಿಂದ ಮಗುವನ್ನು ತರಲಿಲ್ಲ, ಅಷ್ಟೇ. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಚಾಪೆ ಖಾಲಿಯಾಯಿತು.

ಆಗ ಕದಿರಮ್ಮನ ಒಬ್ಬಳೇ ಮಗಳು ಅನಸೂಯ ಬಸುರಿ. ಗಂಡ ಆದಿನಾರಾಯಣ ಗಣಿಯೊಳಗೆ ಮರದ ಆಸರೆ ಕಟ್ಟುವವನು, ಅದೇ ಲೈನಿನ ಕೊನೆಯಲ್ಲಿ ಮನೆ. ಅನಸೂಯ ಸಿಟ್ಟಿನ ಹೆಣ್ಣಲ್ಲ. ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಆದರೆ ಕಡ್ಡಿ ಮುರಿದಂತೆ ಹೇಳಿದಳು.

“ಅಮ್ಮಾ, ನೀನು ಅದನ್ನ ತಿಂದೇ ತಿಂತೀಯ ಅಂದ್ರೆ ನಾನು ತಡೆಯಾಕಾಗಲ್ಲ. ಆದ್ರೆ ನನ್ನ ಕೂಸು ನಿನ್ನ ಮಡ್ಲಾಗೆ ಮಲಗಲ್ಲ. ಎತ್ಕೊಂಡೋಗಿ ನಮ್ಮತ್ತೆ ತಾವ ಬಿಟ್ಬುಡ್ತೀನಿ.”

ಅವಳ ಅತ್ತೆ ಮಂಗಮ್ಮ ಇದ್ದದ್ದು ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ. ಒಳ್ಳೆಯ ಹೆಂಗಸು, ಮನೆಯಲ್ಲಿ ಹಸುವಿತ್ತು. ಅನಸೂಯ ಬಂಗಲೆಯ ಕೆಲಸ ಬಿಡುವಂತಿರಲಿಲ್ಲ, ಆದ್ದರಿಂದ ಮಗು ಬೆಳೆಯುವುದು ಒಂದೋ ಕದಿರಮ್ಮನ ಮಡಿಲಲ್ಲಿ, ಇಲ್ಲವೇ ಅಲ್ಲಿ. ಲೈನಿನ ಮಕ್ಕಳನ್ನೆಲ್ಲ ಮಲಗಿಸಿದವಳಿಗೆ ತನ್ನ ಮೊಮ್ಮಗುವೇ ಇಲ್ಲವೆಂದರೆ ಹೇಗಾಗಬೇಡ? ನಲ್ಲಮಂದು ಬಿಡುತ್ತೇನೆಂದು ಕದಿರಮ್ಮ ಮಗಳ ತಲೆ ಮುಟ್ಟಿ ಹೇಳಿದಳು.

ಬಿಡಲು ಹೋದದ್ದು ಬಂಗಾರಪೇಟೆಗೆ, ಅಕ್ಕ ಅಕ್ಕಯ್ಯಮ್ಮನ ಮನೆಗೆ. ಅಕ್ಕಯ್ಯಮ್ಮ ಸಂತೆಯಲ್ಲಿ ಹುಣಸೆಹಣ್ಣು ಮಾರುವ ಗಟ್ಟಿಗಿತ್ತಿ. ರೈಲ್ವೆ ಸ್ಟೇಷನ್ನಿನ ಹಿಂದೆ ಅವಳ ಮನೆ. ಮೊದಲ ಸಲ ಕದಿರಮ್ಮ ಸೋತಳು. ಆಕಳಿಕೆಯ ಮೇಲೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಬಿಸಿಲಲ್ಲೂ ಮೈ ನವಿರೇಳುವ ಚಳಿ, ಮೂಳೆಗಳನ್ನು ಯಾರೋ ಹಿಂಡಿದಂತೆ ನೋವು. ಅಕ್ಕ ಸಂತೆಗೆ ಹೋದದ್ದೇ ತಡ, ಮಾರಿಕುಪ್ಪಂ ಕಡೆಯ ರೈಲು ಹತ್ತಿ, ಗಣಿಯ ಹತ್ತಿರದ ಊರಿಗಾಂನಲ್ಲಿ ಇಳಿದು, ಮನೆಗೂ ಹೋಗದೆ ನೆಟ್ಟಗೆ ಆಂಡರ್ಸನ್‌ಪೇಟೆಗೆ ನಡೆದಳು. ಗುಳಿಗೆ ನುಂಗಿದ ಮೇಲೆ ಅಂಗಡಿಯ ಜಗಲಿಯಲ್ಲೇ ಕೂತು ಅತ್ತಳು.

ಎರಡನೆಯ ಸಲ ಅಕ್ಕಯ್ಯಮ್ಮ ಸಂತೆಯ ಮಾತೇ ಎತ್ತಲಿಲ್ಲ. ಮಲಗುವಾಗ ಇಬ್ಬರ ಸೆರಗಿಗೂ ಗಂಟು ಹಾಕಿಕೊಂಡು ಮಲಗಿದಳು. ತಂಗಿ ವಾಂತಿ ಮಾಡಿದರೆ ಬಳಿದಳು, ಬೈದರೆ ತಿರುಗಿ ಬೈದಳು, ಅಂಗಲಾಚಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಉಪ್ಪು ಹಾಕಿದ ಗಂಜಿ, ಬೆಲ್ಲದ ನೀರು, ಮತ್ತೆ ಗಂಜಿ. ಕೊನೆಗೊಂದು ಬೆಳಿಗ್ಗೆ ಕದಿರಮ್ಮ ತಾನಾಗಿಯೇ ಮುದ್ದೆ ಕೇಳಿದಳು. ಅಕ್ಕಯ್ಯಮ್ಮ ಒಲೆ ಊದುವ ನೆಪದಲ್ಲಿ ಕಣ್ಣು ಒರೆಸಿಕೊಂಡಳಂತೆ.

ಅವಳು ಲೈನಿಗೆ ಮರಳಿದಾಗ ಆಂಡರ್ಸನ್‌ಪೇಟೆಯ ಅಂಗಡಿಯನ್ನೂ ಸರ್ಕಾರ ಮುಚ್ಚಿಸಿತ್ತು. ದೇವರೇ ದಾರಿ ತೆಗೆದನೆಂದುಕೊಂಡಳು. ಮನೆಯನ್ನು ಮೂಲೆಮೂಲೆಯೂ ಸಾರಿಸಿದಳು. ನಲ್ಲಮಂದು ಇಡುತ್ತಿದ್ದ ತಗಡಿನ ಡಬ್ಬಿ, ಸುತ್ತುತ್ತಿದ್ದ ಎಣ್ಣೆ ಕಾಗದ, ಗುಳಿಗೆ ಕತ್ತರಿಸುವ ಚಿಕ್ಕ ಚಾಕು, ಎಲ್ಲವನ್ನೂ ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಆಚೆ ಎಸೆದು ಬಂದಳು. ಕಲ್ಲನ್ನು ಎಸೆಯಲಿಲ್ಲ. ಅದನ್ನು ಎಸೆಯಬೇಕೆಂದು ಅವಳಿಗಾಗಲಿ ಅನಸೂಯಳಿಗಾಗಲಿ ಲೈನಿನ ಬೇರೆ ಯಾರಿಗಾಗಲಿ ತೋಚಲೇ ಇಲ್ಲ. ಅದು ಮಕ್ಕಳ ಕಲ್ಲು, ಅತ್ತೆಯ ಕಲ್ಲು, ಅರಿಶಿನ ಕಂಡ ಕಲ್ಲು. ಎಸೆಯುವುದಿರಲಿ, ಅದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ಅವರು.

ಹೆಣ್ಣು ಮಗು ಹುಟ್ಟಿತು. ಹೆಸರಿಡುವವರೆಗೂ ಇರಲೆಂದು ಪಾಪಕ್ಕ ಎಂದು ಕರೆದರು, ಅದೇ ನಿಂತುಬಿಟ್ಟಿತು. ಅನಸೂಯ ಕೆಲಸಕ್ಕೆ ಮರಳಿದ ದಿನ ಮಗುವನ್ನು ತಂದು ತಾಯಿಯ ಮಡಿಲಲ್ಲಿಟ್ಟಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದಳು. ಕದಿರಮ್ಮ ಮಗುವಿನ ನೆತ್ತಿ ಮೂಸಿ ಮೂಸಿ ಹುಚ್ಚಿಯ ಹಾಗೆ ನಕ್ಕಳು. ಆ ದಿನಗಳಲ್ಲಿ ಅವಳನ್ನು ನೋಡಬೇಕಿತ್ತು. ಮಗುವಿಗೆ ನೀರು ಹಾಕುವಾಗ ಅವಳು ಹಾಡುತ್ತಿದ್ದದ್ದು ಲೈನಿಗೆಲ್ಲ ಕೇಳುತ್ತಿತ್ತು. ಮಾರಿಯಮ್ಮ ಕೂಡ ಒಮ್ಮೆ ಬಾಗಿಲಲ್ಲಿ ನಿಂತು ಮಗುವಿನ ಗಲ್ಲ ಹಿಂಡಿ ಹೋಗಿದ್ದಳು.

ಒಂದು ಮಧ್ಯಾಹ್ನ ಪಾಪಕ್ಕನಿಗೆ ಹೊಟ್ಟೆ ಉಬ್ಬರಿಸಿತು. ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮನೆ ಅತ್ತಿತು. ಇಂಥದ್ದಕ್ಕೆಲ್ಲ ಬಜೆ, ಜಾಯಿಕಾಯಿ ಇದ್ದೇ ಇದೆಯಲ್ಲ. ಕದಿರಮ್ಮ ಗೂಡಿನಿಂದ ಕಲ್ಲು ಇಳಿಸಿದಳು, ತೊಳೆದಳು, ತೇಯ್ದಳು. ಎಳೆಮಗುವಿಗೆ ಏನು ಕೊಟ್ಟರೂ ಕೊಡುವವಳು ಮೊದಲು ತನ್ನ ನಾಲಿಗೆಗೆ ಮುಟ್ಟಿಸಿಕೊಳ್ಳಬೇಕು, ಅದು ಹಿರಿಯರಿಂದ ಬಂದ ಪದ್ಧತಿ. ಖಾರ ಎಷ್ಟಾಯಿತು, ಕಹಿ ಎಷ್ಟಾಯಿತು ಎಂದು ತಿಳಿಯುವುದು ಹಾಗೆ. ಕದಿರಮ್ಮ ಬೆರಳು ನೆಕ್ಕಿದಳು.

ಬಜೆಯ ಘಾಟು ಬಂತು, ಜಾಯಿಕಾಯಿಯ ಒಗರು ಬಂತು. ಅವೆರಡರ ತಳದಲ್ಲಿ ಇನ್ನೊಂದು ಕಹಿ ಇತ್ತು. ಅಷ್ಟು ವರ್ಷ ಆ ತಗ್ಗಿನಲ್ಲಿ ತೇಯ್ದ ನಲ್ಲಮಂದು ಕಲ್ಲಿನ ಮೈಯೊಳಗೇ ಇಳಿದು ಕೂತಿತ್ತು. ಇದ್ದದ್ದು ಎಷ್ಟೋ ಏನೋ, ಅಮಲೇರುವಷ್ಟಂತೂ ಅಲ್ಲ. ಆದರೆ ನಾಲಿಗೆ ಗುರುತು ಹಿಡಿಯಿತು. ಕದಿರಮ್ಮನ ಬಾಯಲ್ಲಿ ನೀರೂರಿತು. ಅವಳು ಕಲ್ಲನ್ನೇ ನೋಡುತ್ತಾ ಕೂತಳು. ಮಗು ಅಳುತ್ತಲೇ ಇತ್ತು. ಆಗಲೇ ಕಲ್ಲನ್ನು ಬೀದಿಗೆ ಎಸೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎಸೆಯಲಿಲ್ಲ. ತೇಯ್ದದ್ದನ್ನು ಮಗುವಿಗೂ ಹಚ್ಚಿದಳು, ಮಗು ಮಲಗಿತು. ಉಳಿದದ್ದನ್ನು ಬೆರಳಲ್ಲಿ ಬಳಿದು ತಾನು ನೆಕ್ಕಿದಳು.

ಮಾರನೆಯ ದಿನ ಮಗು ಅಳಲಿಲ್ಲ. ಆದರೂ ಕಲ್ಲು ಇಳಿಯಿತು. ಇದು ಮಗುವಿನ ಕಲ್ಲು, ಇದು ನಲ್ಲಮಂದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬರೀ ನೀರು ಹಾಕಿ, ಬಜೆಯನ್ನೂ ಮುಟ್ಟದೆ, ಒಣ ಜಾಯಿಕಾಯಿಯಿಂದ ಉಜ್ಜುತ್ತಾ ಕೂರುವುದು ಶುರುವಾಯಿತು. ಮಗುವಿನ ನಾಲಿಗೆಗೆ ಒಂದು ಬೆರಳು, ಉಳಿದದ್ದೆಲ್ಲ ತನಗೆ. ಮಗಳ ತಲೆ ಮುಟ್ಟಿ ಮಾಡಿದ ಆಣೆಯನ್ನು ಮುರಿದಿಲ್ಲವೆಂದೇ ಅವಳ ಲೆಕ್ಕ. ಅಂಗಡಿಗೆ ಹೋಗಿದ್ದಾಳೆಯೇ? ಗುಳಿಗೆ ನುಂಗಿದ್ದಾಳೆಯೇ? ಕಲ್ಲು ನೆಕ್ಕುವುದನ್ನು ಯಾರು ಚಟ ಎನ್ನುತ್ತಾರೆ? ಮನುಷ್ಯರು ಬೇರೆಯವರಿಗೆ ಹೇಳುವ ಸುಳ್ಳಿಗಾದರೂ ಒಂದು ಮಿತಿ ಇರುತ್ತದೆ, ತಮಗೆ ತಾವೇ ಹೇಳಿಕೊಳ್ಳುವುದಕ್ಕೆ ಇರುವುದಿಲ್ಲ. ಸಂಜೆ ಅನಸೂಯ ಬಂದು, ಈಚೆಗೆ ಮಗು ಚೆನ್ನಾಗಿ ಮಲಗುತ್ತದೆ ಅಮ್ಮಾ ಎಂದು ಸಂತೋಷಪಟ್ಟಾಗ ಕದಿರಮ್ಮ ಎದ್ದುಹೋಗಿ ಕಲ್ಲನ್ನು ಗೂಡಿನ ಒಳಕ್ಕೆ ಸರಿಸಿದಳು.

ಕಲ್ಲಿನಲ್ಲಿ ಇನ್ನೆಷ್ಟು ಉಳಿದೀತು? ಬರಬರುತ್ತಾ ಕಹಿ ಹೋಯಿತು, ಕಲ್ಲು ಕಲ್ಲಾಗಿಯೇ ಉಳಿಯಿತು. ಅಷ್ಟರಲ್ಲಿ ಅವಳೊಳಗೆ ಮಲಗಿದ್ದದ್ದು ಎದ್ದು ಕೂತಾಗಿತ್ತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮಗುವಿನ ಅಳು ಕಿವಿಗೆ ಚುಚ್ಚುತ್ತಿತ್ತು, ಮಗುವಿನ ಮೇಲೆ ಮೊದಲ ಸಲ ರೇಗಿದಳು. ಕೊನೆಗೊಂದು ದಿನ, ಹೊತ್ತು ಏರುವ ಮುಂಚೆ, ಪಾಪಕ್ಕನನ್ನು ಸೊಂಟಕ್ಕೇರಿಸಿಕೊಂಡು ಆಂಡರ್ಸನ್‌ಪೇಟೆಗೆ ಹೊರಟೇಬಿಟ್ಟಳು. ಬಚ್ಚಪ್ಪ ಎಂಬ ಎಲೆಯಡಿಕೆ ಅಂಗಡಿಯವನು ನಲ್ಲಮಂದನ್ನು ಕದ್ದು ಮಾರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಅವಳ ಮುಖ ನೋಡಿದ, ಸೊಂಟದ ಮಗುವನ್ನು ನೋಡಿದ, ಏನೂ ಕೇಳದೆ ಎಲೆಯಲ್ಲಿ ಸುತ್ತಿ ಕೊಟ್ಟ. ಅದು ಸೆರಗಿನ ತುದಿಯಲ್ಲಿ ಗಂಟಾಗಿ ಕೂತಿತು.

ಮನೆಗೆ ಬಂದು ಮಗುವನ್ನು ಚಾಪೆಯ ಮೇಲೆ ಬಿಟ್ಟು, ಬಾಗಿಲು ಓರೆ ಮಾಡಿದಳು. ಗಂಟು ಬಿಚ್ಚಿ, ಜಿಗುಟಾದ ಕರಿ ಮುದ್ದೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ ಉರುಳಿಸಿ ಗುಳಿಗೆ ಮಾಡಿದಳು, ನಾಲಿಗೆಯಡಿ ಇಟ್ಟಳು. ಆಗಲೇ ಕೆಳಗೆ ಗಣಿಯಲ್ಲೆಲ್ಲೋ ಬಂಡೆ ಸಿಡಿದು ನೆಲ ಗುಡುಗಿತು. ಗೂಡಿನ ಪಾತ್ರೆಗಳು ಗಲಗಲ ಎಂದವು. ಲೈನಿನಲ್ಲಿ ಅದೇನು ಹೊಸದಲ್ಲ, ದೊಡ್ಡದಾದರೆ ಮಾತ್ರ ಜನ ತಮ್ಮವರಿಗೇನಾಯಿತೋ ಎಂದು ಶಾಫ್ಟಿಗೆ ಓಡುತ್ತಿದ್ದರು. ಇದು ಚಿಕ್ಕದು. ಆದರೆ ಪಾಪಕ್ಕ ಬೆಚ್ಚಿಬಿದ್ದು ಕಿರುಚಿತು. ಕದಿರಮ್ಮ ಎತ್ತಿಕೊಂಡು ಎದೆಗೊತ್ತಿಕೊಂಡಳು, ಲೈನಿನ ಎಷ್ಟೋ ಮಕ್ಕಳಿಗೆ ಮಾಡಿದ ಹಾಗೆ ಚೀಪಲು ಬೆರಳು ಕೊಟ್ಟಳು. ಮಗು ಲಬಕ್ಕನೆ ಹಿಡಿದು ಚೀಪಿತು, ಸುಮ್ಮನಾಯಿತು.

ಸುಮ್ಮನಾದ ಮಗುವಿನ ಮುಖ ನೋಡುತ್ತಾ ಅವಳು ತೂಗಿದಳು. ಮೆಲ್ಲಗೆ ರೆಪ್ಪೆಗಳು ಇಳಿಯತೊಡಗಿದವು. ಚೀಪುವುದು ನಿಧಾನವಾಯಿತು. ಆಗ ಅವಳಿಗೆ ತಾನು ಕೊಟ್ಟಿದ್ದ ಬೆರಳು ಯಾವುದೆಂದು ಹೊಳೆಯಿತು.

ಬೆರಳು ಎಳೆದುಕೊಂಡಳು. ನಾಲಿಗೆಯಡಿ ಇದ್ದದ್ದನ್ನು ಥೂ ಎಂದು ನೆಲಕ್ಕೆ ಉಗಿದಳು. ಮಗುವಿನ ಬಾಯನ್ನು ಸೆರಗಿನಿಂದ ಒರೆಸಿದಳು, ನೀರು ಎರಚಿದಳು, ಅಂಗಾಲಿಗೆ ಹೊಡೆದಳು. ಅಳೇ ನನ್ನವ್ವ, ಅಳೇ ಎಂದು ಬೇಡಿದಳು. ಇಷ್ಟು ಕಾಲ ಮಕ್ಕಳ ಅಳು ನಿಲ್ಲಿಸಿದವಳು ಈಗ ಒಂದು ಅಳುವಿಗಾಗಿ ಒದ್ದಾಡುತ್ತಿದ್ದಳು. ಪಾಪಕ್ಕ ಕ್ಷೀಣವಾಗಿ ಒಮ್ಮೆ ರಾಗ ತೆಗೆಯಿತು. ಅಷ್ಟೇ ಸಾಕೆಂದು ಕದಿರಮ್ಮ ಎತ್ತಿಕೊಂಡು ಬರಿಗಾಲಲ್ಲಿ ಬಂಗಲೆಯ ಕಡೆ ಓಡಿದಳು. ದಾರಿಯಲ್ಲಿ ಒಂದು ಮಾತು ಅವಳ ತಲೆಗೆ ಬಂದದ್ದು ನಿಜ. ಮಗು ಬಿಸಿಲಿಗೆ ಸುಸ್ತಾಗಿದೆ ಎಂದರೆ ಅನಸೂಯ ನಂಬುತ್ತಾಳೆ, ಮಗು ತನ್ನ ಬಳಿಯೇ ಉಳಿಯುತ್ತದೆ.

ಅನಸೂಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಾಯಿಯ ಅವತಾರ ನೋಡಿ ಕೈಯಲ್ಲಿದ್ದದ್ದನ್ನು ಬಿಟ್ಟಳು.

“ನನ್ನ ಬೆರಳು ಚೀಪ್ತು ಕಣೇ,” ಎಂದಳು ಕದಿರಮ್ಮ. “ಬೆರಳಿಗೆ ನಲ್ಲಮಂದು ಅಂಟಿತ್ತು. ಡಾಕ್ಟ್ರಿಗೆ ಅಂಗೇ ಯೇಳು, ಬಿಸಿಲು ಅನ್ಬ್ಯಾಡ.”

ಅನಸೂಯ ಮಗುವನ್ನು ಕಿತ್ತುಕೊಂಡು ಓಡಿದಳು. ಆಸ್ಪತ್ರೆಯಲ್ಲಿ ನರ್ಸು ಮಗುವಿಗೆ ಮಂಪರು ಹಿಡಿಯದ ಹಾಗೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದಳು. ಕದಿರಮ್ಮ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು, ಒಳಗೆ ಹೋಗುವ ಧೈರ್ಯವಿಲ್ಲದೆ. ಹೊತ್ತು ಇಳಿಯುವಾಗ ಒಳಗಿನಿಂದ ಮಗುವಿನ ಗಟ್ಟಿ ಅಳು ಕೇಳಿತು. ಅವಳು ಮಣ್ಣಿಗೆ ಹಣೆಯಿಟ್ಟು ಬಿದ್ದುಕೊಂಡಳು.

ಅನಸೂಯ ಹೊರಗೆ ಬಂದು ಪಕ್ಕದಲ್ಲಿ ಕೂತಳು. ಯಾವಾಗಿನಿಂದ ಎಂದು ಕೇಳಿದಳು. ಕದಿರಮ್ಮ ಕಲ್ಲಿನಿಂದ ಹಿಡಿದು ಬಚ್ಚಪ್ಪನ ಅಂಗಡಿಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಮಗು ಚೆನ್ನಾಗಿ ಮಲಗುತ್ತದೆಂದು ತಾನು ಹಿಗ್ಗಿದ್ದ ಸಂಜೆಗಳು ನೆನಪಾಗಿ ಅನಸೂಯ ಬಾಯಿಗೆ ಕೈ ಅಡ್ಡ ಹಿಡಿದಳು. ತಾಯಿ ಮತ್ತೆ ಬಿಡುತ್ತೇನೆಂದು ಆಣೆ ಹಾಕುತ್ತಾಳೆ, ಅಂಗಲಾಚುತ್ತಾಳೆ ಎಂದು ಅವಳು ಕಾದಿದ್ದಳು. ಕದಿರಮ್ಮ ಹೇಳಿದ್ದೇ ಬೇರೆ.

“ಅವಳ್ನ ನಿಮ್ಮತ್ತೆ ತಾವ ಬಿಟ್ಬುಡು. ನಾನು ಬಿಡ್ತೀನಿ ಅಂತ ಬತ್ತೀನಿ, ಕಾಲಿಡೀತೀನಿ, ಆಗ್ಲೂ ಕೊಡ್ಬ್ಯಾಡ. ಆ ಕಲ್ಲು ಮಾತ್ರ ನನ್ನ ಕೈಗೆ ಎಟುಕ್ದಿರೋ ಕಡೆ ಆಕ್ಸು. ಎಲ್ಲಿ ಬಿಸಾಕಿದ್ರೂ ಉಡುಕ್ಕೊಂಡು ತತ್ತೀನಿ ನಾನು.”

ಅನಸೂಯಳ ಗಂಡ ಆದಿನಾರಾಯಣ ಅತ್ತೆಯ ಮೇಲೆ ಕೂಗಾಡಲಿಲ್ಲ. ಕಲ್ಲನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಗಣಿಯ ಒಂದು ಹಾಳು ಶಾಫ್ಟಿಗೆ ಎಸೆದು ಬಂದ. ಬಿದ್ದ ಸದ್ದು ಕೇಳಿಸಲಿಲ್ಲವೆಂದು ಹೆಂಡತಿಗೆ ಹೇಳಿದ. ಅವರ ಮನೆಯ ತಟ್ಟಿಗೋಡೆಯ ಹೊರಗೆ ಕೂತಿದ್ದ ಕದಿರಮ್ಮ ಅದನ್ನು ಕೇಳಿಸಿಕೊಂಡಳು. ತನ್ನ ಅತ್ತೆಯ ಕಲ್ಲು ಹೋಯಿತೆಂದು ದುಃಖವಾಯಿತೋ, ಇನ್ನು ನೆಕ್ಕಲು ಇಲ್ಲವೆಂದು ದುಃಖವಾಯಿತೋ, ಅವಳಿಗೇ ಬಗೆಹರಿಯಲಿಲ್ಲ.

ಮೂವರೂ ಒಂದೇ ರೈಲಿನಲ್ಲಿ ಹೊರಟರು. ಅನಸೂಯ, ಪಾಪಕ್ಕ ಮಂಗಮ್ಮನ ಮನೆಗೆಂದು ಕಾಮಸಮುದ್ರಕ್ಕೆ, ಕದಿರಮ್ಮ ಮತ್ತೆ ಅಕ್ಕನ ಮನೆಗೆ. ಅವಳಿಗಾಗಲೇ ಆಕಳಿಕೆ ಶುರುವಾಗಿತ್ತು, ಮೂಗು ಸೋರುತ್ತಿತ್ತು. ಮುಂದೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಹೆದರಿಕೆ ಹೆಚ್ಚು. ಡಬ್ಬಿಯಲ್ಲಿ ಎದುರುಬದುರು ಕೂತರು. ಮಗು ತಾಯಿಯ ತೊಡೆಯಿಂದ ಅಜ್ಜಿಯ ಕಡೆಗೆ ಚಾಚಿ ಚಾಚಿ ಬರುತ್ತಿತ್ತು. ಕದಿರಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಬಂಗಾರಪೇಟೆಯಲ್ಲಿ ಇಳಿದು ಅನಸೂಯ ಇನ್ನೊಂದು ರೈಲು ಹಿಡಿಯಬೇಕಿತ್ತು. ಕೈಯಲ್ಲಿ ಬಟ್ಟೆ ಗಂಟು, ಹಾಲಿನ ಚೊಂಬು, ಟಿಕೇಟು ಬೇರೆ ತರಬೇಕು. ಗಂಟನ್ನೂ ಚೊಂಬನ್ನೂ ತಾಯಿಯ ಕಾಲ ಬಳಿ ಇಟ್ಟಳು. ಆಮೇಲೆ ಮಗುವನ್ನು ತಾಯಿಯ ಕಡೆಗೆ ಚಾಚಿದಳು.

“ಇಡ್ಕೋ ಅಮ್ಮಾ. ಟಿಕೇಟು ತಂದ್ಬುಡ್ತೀನಿ.”

ಕದಿರಮ್ಮ ಹಿಂದೆ ಸರಿದಳು. ನೆಲದ ಮೇಲೆ ಕೂರಿಸು, ನಾನು ಕಾಯುತ್ತೇನೆ ಎಂದಳು. ಅನಸೂಯ ಕೇಳಲಿಲ್ಲ, ಮಗುವನ್ನು ತೋಳಿಗಿಟ್ಟು ಜನರ ನಡುವೆ ಹೊರಟುಹೋದಳು. ನಾಲ್ಕು ಹೆಜ್ಜೆ ಹೋಗಿ ಒಮ್ಮೆ ತಿರುಗಿ ನೋಡಿದಳು, ಮೊದಲ ದಿನ ಬಾಗಿಲಲ್ಲಿ ನೋಡಿದ ಹಾಗೆಯೇ.

ಕದಿರಮ್ಮ ಕಂಬಕ್ಕೆ ಒರಗಿ ನಿಂತು ಮಗುವನ್ನು ಮೊಣಕೈಗಳಲ್ಲೇ ಅವಚಿಕೊಂಡಳು. ಎರಡೂ ಕೈಯ ಬೆರಳುಗಳನ್ನು ಒಳಕ್ಕೆ ಮಡಚಿ ಮುಷ್ಟಿ ಕಟ್ಟಿದಳು. ಪಾಪಕ್ಕ ಅವಳ ಮುಖ ನೋಡಿ ನಕ್ಕಿತು, ಆಮೇಲೆ ಬಗ್ಗಿ, ತನಗೆ ಗೊತ್ತಿದ್ದ ಆ ಬೆರಳಿಗಾಗಿ, ಮುಷ್ಟಿಯನ್ನು ಪುಟ್ಟ ಕೈಗಳಿಂದ ಬಿಡಿಸತೊಡಗಿತು. ಬಿಡಿಸಲಾಗದೆ ಸಿಟ್ಟಿಗೆದ್ದು ಅಳಲು ಶುರುಮಾಡಿತು. ಪ್ಲಾಟ್‌ಫಾರಂನ ಜನ ತಿರುಗಿ ನೋಡಿದರು. ಒಬ್ಬಾಕೆ, ಮಗುವನ್ನು ಸುಮ್ಮನಿರಿಸಲು ಬಾರದೇನಮ್ಮಾ ನಿನಗೆ ಎಂದು ಕೇಳಿಯೇಬಿಟ್ಟಳು. ಅನಸೂಯ ಟಿಕೇಟು ಹಿಡಿದು ಬರುವವರೆಗೂ ಮಗು ಅತ್ತಿತು. ಕದಿರಮ್ಮ ಅದನ್ನು ಅಳಲು ಬಿಟ್ಟಳು, ಮುಷ್ಟಿ ಮಾತ್ರ ಬಿಡಲಿಲ್ಲ.